ಹಳೇ ಕಾರು ಕೊಳ್ಳುವ ಮುನ್ನ: ಕರಾವಳಿ ಗಾಡಿಯ ಹೊಟ್ಟೆ ಕೆಳಗೆ ನೋಡಿ

ಎತ್ತು ಕೊಳ್ಳುವ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಬೆಲೆಯ ಮಾತು ಕೊನೆಗೆ. ಕೊಂಬಿಗೆ ಬಳಿದ ಬಣ್ಣ ನೋಡಿ ಯಾರೂ ಎತ್ತು ಕೊಳ್ಳುವುದಿಲ್ಲ. ಆದರೆ ಅದೇ ರೈತ ಹಳೇ ಕಾರು ಕೊಳ್ಳಲು ಹೋದರೆ ಮೊದಲು ಬಣ್ಣ, ಆಮೇಲೆ ಸೀಟ್ ಕವರ್, ಆಮೇಲೆ ಟೇಪ್ ರೆಕಾರ್ಡರ್ ನೋಡುತ್ತಾನೆ. ಮಾರುವವನಿಗೂ ಅದು ಗೊತ್ತು. ಅದಕ್ಕೇ ಮಾರುವ ಮುನ್ನ ಗಾಡಿಗೆ ಬಣ್ಣ ಹೊಡೆಸುತ್ತಾನೆ.

ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಣ ಬೇಸಾಯದವನು. ಏಳು ಎಕರೆ ಎರೆ ಹೊಲ, ಹಿಂಗಾರಿ ಜೋಳ ಮತ್ತು ಕಡಲೆ. 2003ರ ಬರದಲ್ಲಿ ದುಡಿಯಲು ಮಂಗಳೂರಿಗೆ ಬಂದೆ. ಮೊದಲು ಕಟ್ಟಡದ ಕೆಲಸ, ನಂತರ ಬೈಕಂಪಾಡಿ ಕಡೆಯ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ಕೆಲಸ. ಆಗಿನಿಂದ ಪ್ರತಿ ವರ್ಷ ಕಡಲೆ ರಾಶಿ ಮುಗಿಸಿ ಇಲ್ಲಿಗೆ ಬರುವುದು, ಮುಂಗಾರಿಗೆ ಊರಿಗೆ ಹೋಗುವುದು ರೂಢಿಯಾಗಿದೆ. ತುಕ್ಕು ಹಿಡಿದ ತಗಡು ಕತ್ತರಿಸುವುದು, ಪ್ಯಾಚ್ ಬೆಸೆಯುವುದು, ಪುಟ್ಟಿ ತುಂಬಿ ಉಜ್ಜುವುದು ನನ್ನ ಕೆಲಸ. ಬಣ್ಣದ ಕೆಳಗೆ ಏನು ಅಡಗಿರುತ್ತದೆ ಎಂಬುದು ಹಾಗಾಗಿ ಸ್ವಲ್ಪ ಗೊತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ, ಆಮೇಲೆ ಕಾರು

ಕಳೆದ ವರ್ಷ ನನ್ನ ತಂಗಿ ಊರಿನಿಂದ ಫೋನ್ ಮಾಡಿದಳು. ಅವಳ ಅತ್ತೆಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಗದಗಿಗೆ ಡಯಾಲಿಸಿಸಿಗೆ ಒಯ್ಯಬೇಕು. ಡಯಾಲಿಸಿಸ್ ಅವರಿಗೆ ಪುಕ್ಕಟೆ, ಹೋಗಿ ಬರುವುದು ಪುಕ್ಕಟೆ ಅಲ್ಲ. ಬಸ್ಸಿನ ಹೊತ್ತು ಹೊಂದುವುದಿಲ್ಲ, ಮುಗಿಸಿ ಬರುವಾಗ ಮುದುಕಿಗೆ ಕೂರುವ ಶಕ್ತಿಯೂ ಇರುವುದಿಲ್ಲ. "ಅಣ್ಣಾ, ಕಡಲಿ ಮಾರಿದ ರೊಕ್ಕ ಒಂದ ಲಕ್ಷ ಮೂವತ್ತ ಸಾವಿರ ಐತಿ. ಮೂವತ್ತ ಸಾವಿರ ಬೀಜ-ಗೊಬ್ಬರಕ್ಕ ಬೇಕ. ಉಳಿದದ್ದರಾಗ ಒಂದ ಗಾಡಿ ನೋಡು, ಆದರ ದಾರ್ಯಾಗ ನಿಲ್ಲೂದ ಬ್ಯಾಡ" ಎಂದಳು.

ಮೊದಲು ಲೆಕ್ಕ ಹಾಕಿದೆವು. ಬಾಡಿಗೆ ಗಾಡಿಗೆ ಒಂದು ಸಲಕ್ಕೆ 1,300 ರೂ. ತಿಂಗಳಿಗೆ 8 ಸಲ ಎಂದರೆ 10,400 ರೂ. ಸ್ವಂತ ಕಾರಾದರೆ ಹೋಗಿ ಬರಲು 90 ಕಿ.ಮೀ., ಲೀಟರಿಗೆ 15 ಕಿ.ಮೀ. ಹಿಡಿದರೆ 6 ಲೀಟರ್ ಪೆಟ್ರೋಲ್, ಅಂದರೆ 620 ರೂ. ಆಸುಪಾಸು. ಎಂಟು ಸಲಕ್ಕೆ ಸುಮಾರು 5,000 ರೂ. ಉಳಿಯುವುದು 5,400 ರೂ. ಅದರಲ್ಲಿ ಆಯಿಲ್, ಟಯರ್, ವಿಮೆ, ರಿಪೇರಿಗೆಂದು ತಿಂಗಳಿಗೆ 1,500 ರೂ. ತೆಗೆದಿಟ್ಟರೂ 3,900 ರೂ. ನಿಜವಾದ ಉಳಿತಾಯ. ಒಂದು ಲಕ್ಷದ ಗಾಡಿ ಎರಡು ವರ್ಷ ಚಿಲ್ಲರೆಯಲ್ಲಿ ತನ್ನ ದುಡ್ಡು ತಾನು ತೀರಿಸುತ್ತದೆ.

ಇದೇ ಲೆಕ್ಕವನ್ನು ತಿಂಗಳಿಗೆ ಎರಡೇ ಸಲ ಗಾಡಿ ಬೇಕಾಗುವ ಮನೆಗೆ ಹಾಕಿ. ಉಳಿಯುವುದು 1,360 ರೂ., ಇಡುವ ಖರ್ಚು 1,500 ರೂ. ಅಂಥವರಿಗೆ ಬಾಡಿಗೆ ಗಾಡಿಯೇ ಮೇಲು, ಎಷ್ಟು ಒಳ್ಳೆಯ ಹಳೇ ಕಾರು ಸಿಕ್ಕರೂ ಅಷ್ಟೆ. ಕಾರು ಚೆನ್ನಾಗಿದೆಯೇ ಎಂದು ಕೇಳುವ ಮುನ್ನ ನಮಗೆ ಕಾರು ಬೇಕೇ ಎಂದು ಕೇಳಿಕೊಳ್ಳಬೇಕು.

ಕರಾವಳಿಯ ರೋಗ ತುಕ್ಕು

ಮಂಗಳೂರಿನಲ್ಲಿ ಹಳೇ ಗಾಡಿಗಳು ಬೇಕಾದಷ್ಟು. ಗಲ್ಫಿಗೆ ಹೋಗುವವರು, ಹೊಸ ಗಾಡಿ ಕೊಳ್ಳುವವರು ಮಾರುತ್ತಲೇ ಇರುತ್ತಾರೆ. ಕೊಟ್ಟಾರದಿಂದ ಪಂಪ್‌ವೆಲ್‌ವರೆಗೆ ಹೆದ್ದಾರಿ ಬದಿಯಲ್ಲೇ ನಿಲ್ಲಿಸಿ ಮಾರುವುದು ಕಾಣುತ್ತದೆ. ಬಯಲುಸೀಮೆಯವರು ಇಲ್ಲಿ ಬಂದು ಕೊಳ್ಳುವುದು ಹೊಸತಲ್ಲ. ಆದರೆ ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಇಲ್ಲಿ 3,500 ಮಿಲಿಮೀಟರಿಗೂ ಮೇಲೆ. ಜೊತೆಗೆ ಕಡಲಿನ ಉಪ್ಪುಗಾಳಿ. ಉಪ್ಪು ತೇವವನ್ನು ಹಿಡಿದಿಡುತ್ತದೆ, ಹಾಗಾಗಿ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ. ಬೀಜದ ಜೋಳಕ್ಕೆ ನುಸಿ ಬಿದ್ದ ಹಾಗೆ. ಹೊರಗೆ ಕಾಳು ದುಂಡಗೇ ಇರುತ್ತದೆ, ಒಳಗೆ ಹಿಟ್ಟು.

ಗಾಡಿ ಎಲ್ಲಿ ಓಡಿದೆ ಎಂದು ಕೇಳಿ. ಉಳ್ಳಾಲ, ಪಣಂಬೂರು, ಸುರತ್ಕಲ್ ಕಡಲ ಬದಿಯಲ್ಲಿ ನಿಂತ ಗಾಡಿಗಿಂತ ಪುತ್ತೂರು, ಸುಳ್ಯದ ಕಡೆ ಓಡಿದ ಗಾಡಿ ಸಾಮಾನ್ಯವಾಗಿ ಮೇಲು. ನಂಬರಿನಿಂದಲೂ ಸ್ವಲ್ಪ ತಿಳಿಯುತ್ತದೆ: ಕೆ.ಎ. 19 ಮಂಗಳೂರು, 20 ಉಡುಪಿ, 21 ಪುತ್ತೂರು. ಆದರೆ ನಂಬರ್ ಪುತ್ತೂರಿನದಿದ್ದು ಗಾಡಿ ದಕ್ಕೆಯಲ್ಲಿ ಮೀನು ಹೊತ್ತಿರಲೂಬಹುದು. ಓಮ್ನಿ ಕೊಳ್ಳುವವರು ಇದನ್ನು ಮುಖ್ಯವಾಗಿ ನೋಡಬೇಕು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ, ಈಗ ಸಿಗುವುದೆಲ್ಲ ಹಳೆಯದೇ. ಮೀನಿನ ಉಪ್ಪುನೀರು ಸೋರಿದ ಓಮ್ನಿಯ ತಳ ಜರಡಿಯಾಗಿರುತ್ತದೆ.

ತುಕ್ಕು ನೋಡಬೇಕಾದ ಜಾಗಗಳು ಇವು:

1. ಬಾಗಿಲ ಕೆಳಗಿನ ಉದ್ದ ಪಟ್ಟಿ. ಗಾಡಿಯ ಬಲ ಇದರಲ್ಲಿದೆ. ಒಳಬದಿಗೆ ಬೆರಳಾಡಿಸಿ ಒತ್ತಿ. ಪದರ ಪದರವಾಗಿ ಉದುರಿದರೆ ಬೇಡ.

2. ಕಾಲಡಿಯ ತಗಡು. ಮ್ಯಾಟ್ ಎತ್ತಿಸಿ. "ಅಂಟಿಸಿಬಿಟ್ಟಿದ್ದೇವೆ, ಎತ್ತಲಿಕ್ಕಾಗುವುದಿಲ್ಲ" ಎಂದರೆ ಅಲ್ಲೇ ನಿಮ್ಮ ಉತ್ತರ ಸಿಕ್ಕಿತು.

3. ಸ್ಟೆಪ್ನಿ ಇಡುವ ಗುಂಡಿ. ನೀರು ನಿಂತ ಗೆರೆ ಇಲ್ಲಿ ಉಳಿದಿರುತ್ತದೆ.

4. ಬಾನೆಟ್ ಎತ್ತಿದರೆ ಎಡಕ್ಕೂ ಬಲಕ್ಕೂ ಶಾಕ್ ಅಬ್ಸಾರ್ಬರ್ ಬಂದು ಕೂರುವ ಜಾಗ. ಇಲ್ಲಿ ತುಕ್ಕು ತಿಂದಿದ್ದರೆ ಗಾಡಿ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ. ಗುಂಡಿಗೆ ಇಳಿದಾಗ ಪೆಟ್ಟೆಲ್ಲ ಬೀಳುವುದು ಇಲ್ಲೇ.

5. ಬ್ಯಾಟರಿ ಕೂರುವ ತಟ್ಟೆ, ಬ್ರೇಕ್ ಆಯಿಲ್ ಹೋಗುವ ಸಣ್ಣ ಕಬ್ಬಿಣದ ನಳಿಕೆ, ಪೆಟ್ರೋಲ್ ಟ್ಯಾಂಕಿನ ಮೇಲಂಚು.

ಬಣ್ಣದ ಕೆಳಗೆ ಪುಟ್ಟಿ ಇದೆಯೇ ಎಂದು ತಿಳಿಯಲು ಹಳೇ ಸ್ಪೀಕರಿನ ಅಯಸ್ಕಾಂತ ಸಾಕು. ತೆಳ್ಳನೆ ಬಟ್ಟೆ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನು ಇಲ್ಲೆಲ್ಲ ಇಟ್ಟು ನೋಡಿ. ತಗಡಿದ್ದಲ್ಲಿ ಗಪ್ಪನೆ ಹಿಡಿಯುತ್ತದೆ, ದಪ್ಪ ಪುಟ್ಟಿ ಇದ್ದಲ್ಲಿ ಜಾರುತ್ತದೆ. ಬೆರಳ ಗಂಟಿನಿಂದ ತಟ್ಟಿದರೂ ಸದ್ದು ಬೇರೆ ಬರುತ್ತದೆ, ತೆಂಗಿನಕಾಯಿ ತಟ್ಟಿ ನೋಡುವವರಿಗೆ ಇದು ಕಷ್ಟವಲ್ಲ. ಪ್ಲಾಸ್ಟಿಕ್ ಬಂಪರಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ. ಒಂದು ಕಡೆ ಸ್ವಲ್ಪ ಪುಟ್ಟಿ ಇದ್ದರೆ ಸಣ್ಣ ಪೆಟ್ಟು ಸರಿಮಾಡಿದ್ದಾರೆ ಎಂದರ್ಥ, ಅದು ತಪ್ಪಲ್ಲ. ಎರಡೂ ಬದಿಗೆ, ಕೆಳಗಿನ ಅಂಚಿಗೆ ಉದ್ದಕ್ಕೂ ಇದ್ದರೆ ಅದು ತುಕ್ಕು ಮುಚ್ಚಿದ್ದು.

ನೆರೆ ಕಂಡ ಗಾಡಿ

2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ತಗ್ಗು ಜಾಗಗಳೆಲ್ಲ ಮುಳುಗಿ ನೂರಾರು ವಾಹನ ನೀರಿನಲ್ಲಿ ನಿಂತವು. 2019ರ ಆಗಸ್ಟಿನಲ್ಲಿ ನಮ್ಮ ಮಲಪ್ರಭೆ ಉಕ್ಕಿ ನರಗುಂದ, ರೋಣದ ಹೊಳೆದಂಡೆಯ ಊರುಗಳಲ್ಲೂ ಅದೇ ಆಯಿತು. ಅಂಥ ಗಾಡಿಗಳು ಒಣಗಿ, ತೊಳೆದು, ಸೆಂಟು ಹೊಡೆದು ಮತ್ತೆ ಮಾರಾಟಕ್ಕೆ ಬರುತ್ತವೆ. ಇಂಥದ್ದರಲ್ಲಿ ಎಂಜಿನ್ ನಡೆದರೂ ವೈರಿಂಗ್ ಒಳಗೊಳಗೇ ಕೊಳೆಯುತ್ತದೆ.

ಇದಕ್ಕೊಂದು ಸುಲಭ ಉಪಾಯ ಇದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುತ್ತಿಕೊಂಡಿದ್ದ ಒಳಭಾಗದಲ್ಲಿ ಕೆಸರಿನ ಗೆರೆಯೋ ಬೂಷ್ಟೋ ಕಂಡರೆ ನೀರು ಅಲ್ಲಿವರೆಗೆ ಬಂದಿತ್ತು. ಸೀಟ್ ಜಾರುವ ಹಳಿ, ಡ್ಯಾಶ್‌ಬೋರ್ಡಿನ ಅಡಿಯ ಸ್ಕ್ರೂ, ಹೆಡ್‌ಲೈಟಿನ ಒಳಗಿನ ಮಸುಕು, ಇವನ್ನೂ ನೋಡಿ. ಗಾಜು ಮುಚ್ಚಿ ಐದು ನಿಮಿಷ ಒಳಗೆ ಕುಳಿತರೆ ಮೂಗೇ ಹೇಳುತ್ತದೆ.

ತಣ್ಣಗಿರುವಾಗ ಎಂಜಿನ್ ನೋಡಿ

ಬೆಳಿಗ್ಗೆ ಮುಂಚೆ, ಹೇಳದೆ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನಿಮಗೋಸ್ಕರ ಆಗಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿನ ಎಂಜಿನ್ ಮಾತ್ರ ನಿಜ ಹೇಳುತ್ತದೆ.

ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಕಡ್ಡಿ ಎಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿದರಾಯಿತು. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಆಯಿಲಿಗೆ ನೀರು ಸೇರಿದೆ, ಆ ಗಾಡಿ ಬೇಡ. ರೇಡಿಯೇಟರ್ ಮುಚ್ಚಳವನ್ನೂ ಆಗಲೇ ತೆಗೆಯಿರಿ (ಬಿಸಿ ಇದ್ದಾಗ ತೆಗೆಯಬೇಡಿ, ಮುಖಕ್ಕೆ ಹಾರುತ್ತದೆ). ನೀರಿನ ಮೇಲೆ ಎಣ್ಣೆ ತೇಲಬಾರದು.

ಈಗ ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಸೈಲೆನ್ಸರಿನ ಹಿಂದೆ ನಿಲ್ಲಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಸಾವಿರಾರು ರೂಪಾಯಿಯ ಕೆಲಸ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು ಉರಿಯುತ್ತಿದೆ, ಸರಿಮಾಡಬಹುದು. ಬೆಳ್ಳಗಿನ ಆವಿ ಒಂದೆರಡು ನಿಮಿಷದಲ್ಲಿ ನಿಂತರೆ ಸಹಜ, ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ನಂತರ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ನೋಡಿ. ಬುಸುಬುಸು ಹೊಗೆ ಉಗುಳಿದರೆ ಎಂಜಿನ್ ಒಳಗೆ ಸವೆದಿದೆ.

ಹಳೇ ಆಲ್ಟೋದ 796 ಸಿ.ಸಿ. ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಯಾವಾಗ ಬದಲಿಸಿದ್ದು ಎಂದು ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ ಹಿಡಿಯಿರಿ.

ಇನ್ನೊಂದು ಹೊಸ ವಿಷಯ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುತ್ತದೆ. ಹಳೇ ಗಾಡಿಗಳನ್ನು ಇಷ್ಟು ಎಥನಾಲಿಗೆಂದು ಮಾಡಿದ್ದಲ್ಲ. ರಬ್ಬರ್ ಪೈಪ್, ವಾಷರ್ ಗಟ್ಟಿಯಾಗಿ ಬಿರುಕು ಬಿಡಬಹುದು. ಪೆಟ್ರೋಲ್ ಪೈಪುಗಳನ್ನು ಮಡಚಿ ನೋಡಿ, ಬಿರುಕಿದ್ದರೆ ಬದಲಿಸಿ. ಖರ್ಚು ಕಡಿಮೆ, ಬಿಟ್ಟರೆ ಬೆಂಕಿಯ ಭಯ.

ಓಡಿಸಿ ನೋಡುವುದು

ಸಮತಟ್ಟು ರಸ್ತೆಯಲ್ಲಿ ಎಲ್ಲ ಗಾಡಿಯೂ ಓಡುತ್ತದೆ. ಮಂಗಳೂರಿನಲ್ಲಿ ಏರಿಗೆ ಬರ ಇಲ್ಲ, ಬಾವುಟಗುಡ್ಡೆಗೋ ಕದ್ರಿ ಗುಡ್ಡಕ್ಕೋ ನಾಲ್ಕು ಜನ ಕೂತು ಹತ್ತಿಸಿ. ಎಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ ಎಂದಾದರೆ ಕ್ಲಚ್ ಪ್ಲೇಟ್ ಸವೆದಿದೆ. ಬಯಲಲ್ಲಿ ಸ್ಟಿಯರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನ ಸುತ್ತಿಸಿ. ಮುಂದಿನ ಚಕ್ರದಲ್ಲಿ ಟಕ್ ಟಕ್ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ನೇರ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ, ಗಾಡಿ ಒಂದು ಬದಿಗೆ ಎಳೆಯಬಾರದು.

ಕಿಲೋಮೀಟರ್ ಮುಳ್ಳನ್ನು ನಂಬಬೇಡಿ, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಮುಳ್ಳು 45,000 ತೋರಿಸಿ, ಬ್ರೇಕ್ ಪೆಡಲಿನ ರಬ್ಬರ್ ಬೋಳಾಗಿದ್ದು ಸ್ಟಿಯರಿಂಗ್ ನುಣ್ಣಗಾಗಿದ್ದರೆ ಎರಡರಲ್ಲಿ ಒಂದು ಸುಳ್ಳು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಿದಂತೆಯೇ ಇದು. ಬಟನ್ ಎಷ್ಟೇ ಇರಲಿ, ಆರೇಳು ವರ್ಷ ದಾಟಿದ ಟಯರಿಗೆ ಬೆಲೆ ಕಟ್ಟಬೇಡಿ.

ಕಾಗದಪತ್ರ

ಗಾಡಿ ಒಳ್ಳೆಯದಿದ್ದು ಕಾಗದ ಕೆಟ್ಟಿದ್ದರೆ ತಲೆನೋವು ಹೆಚ್ಚು.

ಆರ್.ಸಿ.ಯಲ್ಲಿನ ಚಾಸಿ ನಂಬರ್, ಎಂಜಿನ್ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ನೀವೇ ಒಂದೊಂದೇ ಅಂಕಿ ಹೊಂದಿಸಿ. ಸ್ವಂತ ಕಾರಿನ ಆರ್.ಸಿ. 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂ. ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ರೂ. ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000 ರೂ. ಹಸಿರು ತೆರಿಗೆ ಬೇರೆ. 14 ವರ್ಷದ ಗಾಡಿ ಅಗ್ಗಕ್ಕೆ ಕೊಡುವುದರ ಗುಟ್ಟು ಬಹಳ ಸಲ ಇದೇ.

ಸಾಲದ ಗಾಡಿಯಾದರೆ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೈಗೆ ಬಾರದೆ ದುಡ್ಡು ಕೊಡಬೇಡಿ. ಎಂ-ಪರಿವಾಹನ್ ಎಂಬ ಆ್ಯಪಿನಲ್ಲಿ ನಂಬರ್ ಹಾಕಿದರೆ ಆರ್.ಸಿ. ಮತ್ತು ವಿಮೆಯ ಅವಧಿ ತಿಳಿಯುತ್ತದೆ. ಬಾಕಿ ದಂಡ ಇದೆಯೇ ಎಂದೂ ನೋಡಿ. ಓದುವ ಮಕ್ಕಳಿದ್ದರೆ ಎರಡು ನಿಮಿಷದ ಕೆಲಸ.

ಕೆ.ಎಲ್. 14 ಅಂದರೆ ಕಾಸರಗೋಡಿನ ಗಾಡಿಗಳೂ ಮಂಗಳೂರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವಕ್ಕೆ ಕೇರಳದ ಎನ್.ಓ.ಸಿ. ತರಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಅದನ್ನು ಕೂಡಿಸಿದ ಮೇಲೆ ಅಗ್ಗ ಉಳಿಯುತ್ತದೆಯೇ ನೋಡಿ.

ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಎದುರಲ್ಲೇ ಹಾಕಿಸಿಕೊಳ್ಳಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ವಿಮೆಯನ್ನೂ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೇ ಗಾಡಿ ಮಾರುವ ರೈತರೂ ಇದನ್ನು ನೆನಪಿಡಿ: ಗಾಡಿ ಕೈಬದಲಾದರೂ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. "ಆಮೇಲೆ ಮಾಡಿಸಿದರಾಯಿತು" ಎಂದು ಬಿಟ್ಟರೆ ಹೊಲ ಮಾರುವ ಹೊತ್ತು ಬಂದೀತು.

ಎರಡು ಗಾಡಿ, ಒಂದು ತೀರ್ಮಾನ

ತಂಗಿಗಾಗಿ ನೋಡಿದ ಮೊದಲನೆಯದು 2012ರ ಆಲ್ಟೋ. ಬೆಳ್ಳಿ ಬಣ್ಣ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೇಳಿದ್ದು 1,15,000 ರೂ. "ಡಾಕ್ಟರ್ ಓಡಿಸಿದ್ದು ಮಾರಾಯ್ರೆ, ಕಣ್ಣು ಮುಚ್ಚಿ ತೆಕ್ಕೊಳ್ಳಿ, ಎಂತ ಕೆಲಸವೂ ಇಲ್ಲ" ಎಂದರು. ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿಯಲಿಲ್ಲ. ಒಳಬದಿ ಒತ್ತಿದರೆ ಬೆರಳು ಕುಸಿಯಿತು. ತಗಡಿನ ಕೆಲಸಕ್ಕೇ 25-30 ಸಾವಿರ, ಮಾಡಿಸಿದರೂ ಬಲ ಮೊದಲಿನಂತೆ ಬಾರದು. ಕೈಮುಗಿದು ಬಂದೆ.

ಎರಡನೆಯದು ಪುತ್ತೂರು ನಂಬರಿನ 2010ರ ಆಲ್ಟೋ. ನಿವೃತ್ತ ಮಾಸ್ತರರದು. ಬಿಳಿ ಬಣ್ಣ ಮಾಸಿ ಒಂದು ಬಾಗಿಲು ನುಗ್ಗಿತ್ತು, ಆದರೆ ಅದು ಹುಟ್ಟಿದ ಬಣ್ಣವೇ. ತಳ ಗಟ್ಟಿ, ಆರ್.ಸಿ. 2030ರವರೆಗೆ ನವೀಕರಣವಾಗಿತ್ತು, ಸರ್ವಿಸ್ ಬಿಲ್ಲುಗಳನ್ನು ದಾರದಲ್ಲಿ ಕಟ್ಟಿಟ್ಟಿದ್ದರು. ಏರಿನಲ್ಲಿ ಕ್ಲಚ್ ಜಾರಿತು, ಎರಡು ಟಯರ್ ಮುದಿಯಾಗಿದ್ದವು. ಈ ಕೊರತೆಗಳನ್ನು ಒಂದೊಂದಾಗಿ ಚೀಟಿಯಲ್ಲಿ ಬರೆದು ತೋರಿಸಿದೆ. "ನೀವು ಹೇಳಿದ್ದು ಸರಿ ಉಂಟು" ಎಂದರು ಮಾಸ್ತರರು. 88,000 ಹೇಳಿದವರು 76,000ಕ್ಕೆ ಕೊಟ್ಟರು. ಚೌಕಾಶಿಗೆ ದನಿಗಿಂತ ಚೀಟಿ ಮೇಲು.

ಖರ್ಚಿನ ಲೆಕ್ಕ: ಗಾಡಿ 76,000, ಎರಡು ಟಯರ್ 6,000, ಕ್ಲಚ್ ಕೂಲಿ ಸೇರಿ 6,500, ಟೈಮಿಂಗ್ ಬೆಲ್ಟ್, ಪೆಟ್ರೋಲ್ ಪೈಪ್, ಆಯಿಲ್ 4,500, ಹೆಸರು ಬದಲಾವಣೆ ಮತ್ತು ವಿಮೆ 4,000. ಒಟ್ಟು 97,000 ರೂ. ಬೀಜದ ದುಡ್ಡು ಮುಟ್ಟಲಿಲ್ಲ. ಅಂಕೋಲೆ ದಾಟಿ ಅರಬೈಲು ಘಟ್ಟ ಹತ್ತಿ ಊರು ಸೇರಿತು. ಈಗ ಎಂಟು ತಿಂಗಳಾಯಿತು. ಒಂದು ಬ್ಯಾಟರಿ ಬದಲಿಸಿದ್ದು ಬಿಟ್ಟರೆ ಡಯಾಲಿಸಿಸಿನ ದಿನ ಒಂದೂ ತಪ್ಪಿಲ್ಲ.

ಹೊರಡುವ ಮುನ್ನ

ಜೇಬಿನಲ್ಲಿರಬೇಕಾದದ್ದು: ಬಟ್ಟೆ ಸುತ್ತಿದ ಅಯಸ್ಕಾಂತ, ಟಾರ್ಚ್, ಹಳೇ ಪೇಪರ್ (ಗಾಡಿ ಕೆಳಗೆ ಮಲಗಿ ನೋಡಲು), ಚೀಟಿ, ಪೆನ್ನು. ಇರಬಾರದ್ದು ಪೂರ್ತಿ ದುಡ್ಡು. ದುಡ್ಡು ಜೇಬಲ್ಲಿದ್ದರೆ ಕೈ ತುರಿಸುತ್ತದೆ. ಮಳೆ ಬರುವಾಗ, ಕತ್ತಲಲ್ಲಿ ಗಾಡಿ ನೋಡಬೇಡಿ. ಒದ್ದೆ ಗಾಡಿಯ ಬಣ್ಣ ಎಲ್ಲ ಹುಳುಕನ್ನೂ ಮುಚ್ಚುತ್ತದೆ. ಕೊಂಡ ಬೆಲೆಯ ಮೇಲೆ ಕಾಲು ಭಾಗವನ್ನಾದರೂ ರಿಪೇರಿಗೆ ಇಟ್ಟುಕೊಳ್ಳಿ. ಅಷ್ಟು ಉಳಿಯದಿದ್ದರೆ ಇನ್ನೂ ಕಡಿಮೆ ಬೆಲೆಯ ಗಾಡಿ ನೋಡಬೇಡಿ, ಮುಂದಿನ ಬೆಳೆ ಬರುವವರೆಗೆ ತಡೆಯಿರಿ.